ಲಿವರ್ ಗಡ್ಡೆಗೆ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್: ಮಾಡಿಸಿಕೊಂಡು ಬಂದ ಮೇಲೆ

ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಅಮ್ಮನ ಲಿವರ್‌ನಲ್ಲಿ 3 ಸೆಂ.ಮೀ. ಗಡ್ಡೆ ಕಂಡಿತ್ತು. ನೀರಿನ ಗುಳ್ಳೆಯಾಗಿದ್ದರೆ ಕಪ್ಪಗೆ ಕಂಡು ಅಲ್ಲಿಗೇ ಚಿಂತೆ ಮುಗಿಯುತ್ತಿತ್ತು, ಇದು ಬೆಳ್ಳಗಿತ್ತು. ನಿರಪಾಯಕಾರಿಯಾದ ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳ ಗಂಟು, ಸಾಮಾನ್ಯವಾಗಿ ಹೀಗೆ ಕಾಣುತ್ತದೆಯಾದರೂ, ಕರುಳಿನಿಂದ ಹರಡಿ ಬಂದ ಕ್ಯಾನ್ಸರ್ ಕೂಡ ಕೆಲವೊಮ್ಮೆ ಹಾಗೆಯೇ ಕಾಣುತ್ತದೆ. ಅಮ್ಮನ ಕಿಡ್ನಿ ದುರ್ಬಲವಾಗಿರುವುದರಿಂದ ಸಿ.ಟಿ. ಸ್ಕ್ಯಾನಿಗೆ ಚುಚ್ಚುವ, ಕಿಡ್ನಿಯ ಮೂಲಕವೇ ಹೊರಹೋಗಬೇಕಾದ ಕಾಂಟ್ರಾಸ್ಟ್ ಔಷಧಿಗೆ ಹಿಂಜರಿದ ವೈದ್ಯರು ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಮಾಡಿಸಲು ನಮ್ಮನ್ನು ಬೆಂಗಳೂರಿನ ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಕಳಿಸಿದರು.

ಅಲ್ಲಿ ಸೋನೋವ್ಯೂ ಎಂಬ ಬಿಳಿ ಪುಡಿಗೆ ಸಲೈನ್ ಬೆರೆಸಿ, ಹಾಲಿನಂತಾಗುವವರೆಗೆ ಕುಲುಕಿ, 2.4 ಮಿ.ಲೀ.ಯಷ್ಟನ್ನು ತೋಳಿನ ನರಕ್ಕೆ ಕೊಟ್ಟರು. ಅದರಲ್ಲಿರುವುದು ಕೊಬ್ಬಿನ ತೆಳು ಪೊರೆಯೊಳಗಿನ ಅನಿಲದ ಸೂಕ್ಷ್ಮ ಗುಳ್ಳೆಗಳು, ರಕ್ತದೊಂದಿಗೆ ಅವು ತಲುಪಿದ ಜಾಗ ಪರದೆಯಲ್ಲಿ ಹೊಳೆಯುತ್ತದೆ; ಅನಿಲವು ಕಿಡ್ನಿಯ ಮೂಲಕವಲ್ಲ, ಉಸಿರಿನೊಂದಿಗೆ ಹೊರಹೋಗುತ್ತದೆ. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡತೊಡಗಿದವು. 20ರ ಆಸುಪಾಸಿಗೆ ಗಡ್ಡೆಯ ಅಂಚಿನಲ್ಲಿ ಮಣಿ ಪೋಣಿಸಿದಂತೆ ಬೆಳಕಿನ ಚುಕ್ಕೆಗಳು ಮೂಡಿ, ಮೆಲ್ಲಮೆಲ್ಲನೆ ಒಳಗೆ ತುಂಬುತ್ತ ಹೋದವು. "ಅಮ್ಮಾ, ಇನ್ನೊಂದ್ಸಲ ಉಸಿರು ಹಿಡ್ಕೊಳ್ಳಿ" ಎನ್ನುತ್ತ ವೈದ್ಯರು ಪ್ರೋಬ್ ಕದಲಿಸದೆ ಐದು ನಿಮಿಷ ನೋಡಿದರು. ತುಂಬಿದ ಬೆಳಕು ಕೊನೆಯವರೆಗೂ ಆರಲಿಲ್ಲ. ಹೆಮಾಂಜಿಯೋಮಾದ ಗುರುತೇ ಅದು. ಹರಡಿ ಬಂದ ಕ್ಯಾನ್ಸರ್ ಸಾಮಾನ್ಯವಾಗಿ ಒಂದು ನಿಮಿಷದೊಳಗೇ ಕಪ್ಪಾಗುತ್ತದೆಂದೂ, ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇರುವವರಲ್ಲಿ ಹುಟ್ಟುವ ಲಿವರ್ ಕ್ಯಾನ್ಸರ್ ಮೊದಲು ಇಡಿಯಾಗಿ ಹೊಳೆದು, ನಿಮಿಷ ಕಳೆದ ಮೇಲೆ ನಿಧಾನವಾಗಿ ಮಂಕಾಗುತ್ತದೆಂದೂ ಅವರು ಅಮ್ಮನಿಗೇ ವಿವರಿಸಿದರು. ಆ ತಾಳ್ಮೆಗೆ ನಾನು ಋಣಿ.

ಈ ಪರೀಕ್ಷೆಗೂ ಮಿತಿಗಳಿವೆ. ಒಂದು ಚುಚ್ಚುಮದ್ದಿಗೆ ಒಂದು ಗಡ್ಡೆಯನ್ನಷ್ಟೇ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಲು ಸಾಧ್ಯ. ಲಿವರ್‌ನಲ್ಲಿ ಕೊಬ್ಬು ಹೆಚ್ಚಿದ್ದರೆ ಅಥವಾ ಗಡ್ಡೆ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪದರದ) ಕೆಳಗೆ ಆಳದಲ್ಲಿದ್ದರೆ ಚಿತ್ರ ಸ್ಪಷ್ಟವಾಗಿ ಬಾರದು.

ಕೇಂದ್ರದ ಬಗ್ಗೆ ನನ್ನ ಆಕ್ಷೇಪ ಒಂದೇ. ಬೆಳಕು ಯಾವಾಗ ಬಂತು, ಎಲ್ಲಿಂದ ಬಂತು, ಎಷ್ಟು ಹೊತ್ತು ಉಳಿಯಿತು ಎಂಬುದರ ಮೇಲೆಯೇ ನಿಂತಿರುವ ಪರೀಕ್ಷೆಯ ವರದಿಗೆ ಅವರು ಲಗತ್ತಿಸಿದ್ದು ನಾಲ್ಕು ಸ್ಥಿರಚಿತ್ರಗಳನ್ನು ಮಾತ್ರ. ಮುಂದೆ ನೋಡುವ ವೈದ್ಯರಿಗೆ ಅವು ಸಾಲವು. ಕೌಂಟರಿನಲ್ಲಿ ಒತ್ತಾಯಿಸಿ ಕೇಳಿದ ಮೇಲೆ ವಿಡಿಯೊವನ್ನು ಸಿ.ಡಿ.ಗೆ ಹಾಕಿಕೊಟ್ಟರು, ಮಾಡಿಸುವವರು ಅದನ್ನು ಮೊದಲೇ ಕೇಳಿಕೊಳ್ಳಿ.