ಸ್ಕ್ರೂ ಹಾಕುವ ಗಿಟಾರ್, ಅಂಟು ಹಾಕುವ ಗಿಟಾರ್: ನಾನು ಕಟ್ಟಿದ ಎರಡು ಕಿಟ್‌ಗಳು

ಎಲೆಕ್ಟ್ರಿಕ್ ಗಿಟಾರ್ ಕಿಟ್, ಅಂದರೆ ನಾವೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಪೆಟ್ಟಿಗೆ, ಕೊಳ್ಳಲು ಹೊರಟವರು ಆಕಾರ ನೋಡುತ್ತಾರೆ, ಬೆಲೆ ನೋಡುತ್ತಾರೆ. ನಾನೂ ಅಷ್ಟೇ ನೋಡಿದ್ದೆ. ಎರಡು ಕಿಟ್ ಕಟ್ಟಿದ ಮೇಲೆ, ಯಾರಾದರೂ ಕೇಳಿದರೆ ಮೊದಲು ಒಂದೇ ಮಾತು ಹೇಳುತ್ತೇನೆ. ನೆಕ್ (ಬೆರಳು ಓಡಾಡುವ ಉದ್ದನೆ ಕುತ್ತಿಗೆ) ಮತ್ತು ಬಾಡಿ ಹೇಗೆ ಸೇರುತ್ತವೆ ಅಂತ ನೋಡಿ. ಸ್ಕ್ರೂನಿಂದಲೋ, ಅಂಟಿನಿಂದಲೋ? ಮಿಕ್ಕಿದ್ದೆಲ್ಲ ಆಮೇಲೆ.

ನನ್ನ ಮೊದಲ ಕಿಟ್ ಟೆಲಿಕ್ಯಾಸ್ಟರ್ ಮಾದರಿಯದು, ಎರಡನೆಯದು ಲೆಸ್ ಪಾಲ್ ಮಾದರಿಯದು. ಟೆಲಿಕ್ಯಾಸ್ಟರ್ ಹುಟ್ಟಿದ್ದು 1950ರ ಹೊತ್ತಿಗೆ. ಅದನ್ನು ಮಾಡಿದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಕೆಟ್ಟ ಭಾಗವನ್ನು ಬಿಚ್ಚಿ ಬೇರೆ ಹಾಕುವ ರಿಪೇರಿಯವರ ಬುದ್ಧಿ ಆ ಗಿಟಾರ್‌ನ ಉದ್ದಕ್ಕೂ ಕಾಣುತ್ತದೆ. ಒಂದು ಚಪ್ಪಟೆ ಹಲಗೆ, ಒಂದು ನೆಕ್, ನಾಲ್ಕು ಸ್ಕ್ರೂ. ಗಿಬ್ಸನ್ ಕಂಪನಿ 1952ರಲ್ಲಿ ಲೆಸ್ ಪಾಲ್ ತಂದಾಗ ಹಳೆಯ ವಾದ್ಯ ಕಟ್ಟುವವರ ದಾರಿಯನ್ನೇ ಹಿಡಿಯಿತು. ಮೇಲ್ಭಾಗ ಉಬ್ಬು, ನೆಕ್ ಬಾಡಿಯೊಳಗೆ ಅಂಟಿಕೊಂಡಿರುತ್ತದೆ.

ಟೆಲಿ ಕಿಟ್‌ಗೆ ನನಗೆ ಮೂರು ಭಾನುವಾರ ಸಾಕಾಯಿತು. ತಪ್ಪುಗಳು ಆಗಲಿಲ್ಲ ಅಂತಲ್ಲ. ಮೊದಲ ಸಲ ತಂತಿ ಬಿಗಿದಾಗ ಎಲ್ಲಕ್ಕಿಂತ ಸಣ್ಣ ತಂತಿ ಫಿಂಗರ್‌ಬೋರ್ಡಿನ ಅಂಚಿಗೆ ಬಂದು ಜಾರಿ ಬೀಳುತ್ತಿತ್ತು. ತಂತಿಗಳನ್ನು ಸಡಿಲಿಸಿದೆ. ನಾಲ್ಕೂ ಸ್ಕ್ರೂ ಸ್ವಲ್ಪ ಬಿಚ್ಚಿದೆ. ನೆಕ್ ಹಿಡಿದು ಪಕ್ಕಕ್ಕೆ ಎಳೆದು ಮತ್ತೆ ಬಿಗಿದೆ. ಸರಿಹೋಯಿತು. ಆಮೇಲೆ ತಂತಿ ತುಂಬಾ ಎತ್ತರದಲ್ಲಿದೆ ಅನ್ನಿಸಿತು. ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜಿನಲ್ಲಿ, ತಂತಿ ಕೂರುವ ಚಿಕ್ಕ ತುಂಡುಗಳಾದ ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿದರೂ ಸಾಲಲಿಲ್ಲ. ನೆಕ್ ಬಿಚ್ಚಿ, ಅದು ಕೂರುವ ಗುಂಡಿಯಲ್ಲಿ ಬ್ರಿಡ್ಜ್ ಕಡೆಯ ತುದಿಗೆ ವಿಸಿಟಿಂಗ್ ಕಾರ್ಡಿನ ಒಂದು ಚೂರು ಇಟ್ಟೆ. ನೆಕ್ ಕೂದಲೆಳೆಯಷ್ಟು ಹಿಂದಕ್ಕೆ ವಾಲಿತು, ತಂತಿ ಕೆಳಗೆ ಬಂತು. ಕಾಫಿ ಆರುವ ಮೊದಲೇ ಕೆಲಸ ಮುಗಿದಿತ್ತು.

ಇದೇ ಎರಡು ತೊಂದರೆ ಲೆಸ್ ಪಾಲ್ ಕಿಟ್‌ನಲ್ಲೂ ಇದ್ದವು. ಅಲ್ಲಿ ಅವು ನನ್ನ ಎರಡು ವಾರ ತಿಂದವು.

ಲೆಸ್ ಪಾಲ್‌ನ ಬ್ರಿಡ್ಜ್ ಎತ್ತರದ್ದು. ಅದಕ್ಕೆ ತಕ್ಕಂತೆ ನೆಕ್ ಸುಮಾರು 4 ಡಿಗ್ರಿ ಹಿಂದಕ್ಕೆ ವಾಲಿರಬೇಕು. ಅಂಟು ಹಾಕುವ ಮುಂಚೆ ಸುಮ್ನೆ ಜೋಡಿಸಿ, ಫ್ರೆಟ್‌ಗಳ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳ) ಮೇಲೆ ಉದ್ದನೆಯ ಸ್ಟೀಲ್ ಸ್ಕೇಲ್ ಇಟ್ಟು ನೋಡಬೇಕು. ಪೂರ್ತಿ ಇಳಿಸಿದ ಬ್ರಿಡ್ಜಿನ ತಲೆಗಿಂತ ಸ್ಕೇಲ್ ಸ್ವಲ್ಪ ಮೇಲೆ ಹಾದುಹೋಗಬೇಕು. ನನ್ನದರಲ್ಲಿ ಅದು ಬ್ರಿಡ್ಜಿನ ಮಧ್ಯಕ್ಕೆ ಬಡಿಯಿತು. ಅಂದರೆ ವಾಲಿಕೆ ಕಡಿಮೆ. ಇಲ್ಲಿ ಕಾರ್ಡಿನ ಚೂರು ನಡೆಯುವುದಿಲ್ಲ, ಯಾಕೆಂದರೆ ಅಂಟು ಹಿಡಿಯಬೇಕಾದದ್ದು ಮರಕ್ಕೆ ಮರ. ಪಕ್ಕದ ಬೀದಿಯ ಬಡಗಿಯೊಬ್ಬರ ಹತ್ತಿರ ವೆನೀರ್, ಅಂದರೆ ತೆಳ್ಳನೆ ಮರದ ಹಾಳೆಯ ತುಂಡು ತಂದೆ. ಅದನ್ನು ಓರೆಯಾಗಿ ಉಜ್ಜಿ ಅಂಟಿಸಿ ಒಂದು ದಿನ ಕಾದೆ. ಮತ್ತೆ ಅಳೆದೆ, ಮತ್ತೆ ಉಜ್ಜಿದೆ. ಅದಾದ ಮೇಲೆ ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಯಾದ ನಟ್‌ನಿಂದ ಬ್ರಿಡ್ಜ್‌ವರೆಗೆ ಎರಡು ದಾರ ಎಳೆದು ನೆಕ್ ನೇರ ಇದೆಯಾ ಅಂತ ನೋಡಿದೆ. ಇರಲಿಲ್ಲ. ಒಂದು ಬದಿಗೆ ಇನ್ನೊಂದು ತೆಳ್ಳನೆ ವೆನೀರ್ ಬೇಕಾಯಿತು.

ಇನ್ನೂ ಒಂದು ಭಯವಿತ್ತು. ನಟ್‌ನಿಂದ 12ನೇ ಫ್ರೆಟ್‌ಗೆ ಎಷ್ಟು ದೂರವೋ, ಅಲ್ಲಿಂದ ಬ್ರಿಡ್ಜಿಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನೆಕ್ ಎರಡು ಮೂರು ಮಿಲಿಮೀಟರ್ ಹೊರಗೆ ನಿಂತು ಅಂಟಿಕೊಂಡರೆ ಸ್ಯಾಡಲ್ ಸರಿಸಲು ಜಾಗವೇ ಸಾಲದೆ ಹೋಗಬಹುದು. ಆಗ ಶ್ರುತಿ ಮೇಲಿನ ಫ್ರೆಟ್‌ಗಳಲ್ಲಿ ಕೈಕೊಡುತ್ತದೆ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ, ತಪ್ಪಿದರೆ ಮೇಣ ಬಿಸಿ ಮಾಡಿ ಸರಿಸುತ್ತಾರೆ. ಇಲ್ಲಿ ಆ ಅನುಕೂಲ ಇಲ್ಲ. ಅಂಟು ಸುರಿದ ರಾತ್ರಿ ಕ್ಲ್ಯಾಂಪ್ ಬಿಗಿದ ಮೇಲೆ ನಾನು ಮೂರು ಸಲ ಎದ್ದು ಹೋಗಿ ಟೇಪ್ ಹಿಡಿದು ಅಳೆದಿದ್ದೇನೆ.

ವೈರಿಂಗ್‌ನಲ್ಲೂ ಟೆಲಿಯೇ ಸುಲಭ. ಒಂದು ವಾಲ್ಯೂಮ್, ಒಂದು ಟೋನ್, ಒಂದು ಸ್ವಿಚ್. ಮೂರೂ ಒಂದೇ ಲೋಹದ ಪಟ್ಟಿಯ ಮೇಲಿರುತ್ತವೆ. ಪಟ್ಟಿಯನ್ನು ಮೇಜಿನ ಮೇಲಿಟ್ಟು ಆರಾಮಾಗಿ ಬೆಸುಗೆ ಹಾಕಿ, ಆಮೇಲೆ ಗುಂಡಿಯೊಳಗೆ ಇಳಿಸಿದರಾಯಿತು. ಲೆಸ್ ಪಾಲ್‌ಗೆ ವಾಲ್ಯೂಮ್, ಟೋನ್ ತಿರುಗಿಸುವ ನಾಲ್ಕು ಪಾಟ್, ಎರಡು ಕೆಪಾಸಿಟರ್. ಸ್ವಿಚ್ ಬಾಡಿಯ ಇನ್ನೊಂದು ಮೂಲೆಯಲ್ಲಿರುತ್ತದೆ. ವೈರ್ ಮರದೊಳಗಿನ ಉದ್ದನೆ ತೂತಿನಲ್ಲಿ ಹಾಯಬೇಕು. ಎರಡಕ್ಕೂ ಸೇರಿ ಒಂದು ಸಲಹೆ ಕೊಡುತ್ತೇನೆ. 25 ವ್ಯಾಟ್‌ನ ಸಣ್ಣ ಸೋಲ್ಡರಿಂಗ್ ಐರನ್ ಪಾಟ್‌ನ ಬೆನ್ನನ್ನು ಕಾಯಿಸಲಾರದು. ತುಂಬಾ ಹೊತ್ತು ಒತ್ತಿ ಹಿಡಿದರೆ ಪಾಟ್ ಒಳಗೇ ಹಾಳಾಗುತ್ತದೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ 60 ವ್ಯಾಟ್‌ನದೊಂದು ತಂದೆ, ಆಮೇಲೆ ಕೆಲಸ ಸಲೀಸಾಯಿತು.

ಲೆಸ್ ಪಾಲ್‌ನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಗ್ರೌಂಡ್ ವೈರ್ ಮರೆತದ್ದು. ತಂತಿಗಳಿಗೂ ಗ್ರೌಂಡ್ ಬೇಕು. ಟೆಲಿಯಲ್ಲಿ ಬ್ರಿಡ್ಜಿನ ಲೋಹದ ತಟ್ಟೆಯ ಕೆಳಗೆ ಒಂದು ಬರಿ ವೈರ್ ಸಿಕ್ಕಿಸಿದರೆ ಸಾಕು. ಲೆಸ್ ಪಾಲ್‌ನಲ್ಲಿ ತಂತಿಗಳ ಹಿಂತುದಿ ಹಿಡಿಯುವ ಟೇಲ್‌ಪೀಸಿನ ಬುಷ್ (ಮರದ ತೂತಿಗೆ ಬಡಿಯುವ ಲೋಹದ ಕೊಳವೆ) ಬಡಿಯುವ ಮುಂಚೆಯೇ ಆ ತೂತಿನೊಳಗೆ ವೈರ್ ಬಿಟ್ಟಿರಬೇಕು. ನಾನು ಬುಷ್ ಬಡಿದುಬಿಟ್ಟಿದ್ದೆ. ಆಂಪ್ ಹಾಕಿದ ಕೂಡಲೇ ಗುಂಯ್ ಅನ್ನುವ ಸದ್ದು. ತಂತಿ ಮುಟ್ಟಿದರೂ ಅದು ತಗ್ಗಲಿಲ್ಲ. ಬುಷ್ ಕೀಳಲು ಒಂದು ಉಪಾಯವಿದೆ. ಅದರೊಳಗೆ ಒಂದು ಚಿಕ್ಕ ಬೋಲ್ಟ್ ಹಾಕಿ, ಮೇಲಿಂದ ಟೇಲ್‌ಪೀಸಿನ ದಪ್ಪ ಸ್ಕ್ರೂ, ಅಂದರೆ ಸ್ಟಡ್, ತಿರುಗಿಸುತ್ತಾ ಹೋದರೆ ಬುಷ್ ತಾನಾಗಿ ಮೇಲೆದ್ದು ಬರುತ್ತದೆ. ಮರ ಸೀಳಲಿಲ್ಲ, ನನ್ನ ಅದೃಷ್ಟ.

ಪಾಲಿಶ್ ವಿಷಯಕ್ಕೆ ಬಂದರೆ, ಚಪ್ಪಟೆ ಬಾಡಿಯನ್ನು ಉಜ್ಜುವುದು ಸುಖ. ನನ್ನ ಟೆಲಿ ಬಾಸ್‌ವುಡ್ ಮರದ್ದು. ಉಗುರು ಒತ್ತಿದರೂ ಗುರುತು ಬೀಳುವಷ್ಟು ಮೆದು, ಆದರೆ ಕಣ್ಣಿಗೆ ಕಾಣುವಂಥ ರಂಧ್ರಗಳಿಲ್ಲ. ಲೆಸ್ ಪಾಲ್‌ನ ಉಬ್ಬಿದ ಮೇಲ್ಭಾಗಕ್ಕೆ ಮೇಪಲ್ ವೆನೀರ್ ಹಚ್ಚಿದ್ದರು. ಅದು ಅರ್ಧ ಮಿಲಿಮೀಟರ್‌ನಷ್ಟು ದಪ್ಪವಿದ್ದರೆ ಹೆಚ್ಚು. ಜಾಸ್ತಿ ಉಜ್ಜಿದರೆ ಕೆಳಗಿನ ಮರ ಕಾಣುತ್ತದೆ. ಕಾರ್ಖಾನೆಯಲ್ಲಿ ಅಂಟು ಸೋರಿದ್ದ ಕಡೆ ಬಣ್ಣ ಹಿಡಿಯಲೇ ಇಲ್ಲ, ಎರಡು ಬಿಳಿ ಮಚ್ಚೆ ಹಾಗೇ ಉಳಿದವು. ಮಾರಿದವರಿಗೆ ಫೋಟೋ ಕಳಿಸಿದೆ, ಉತ್ತರ ಬರಲಿಲ್ಲ. ನಮ್ಮ ಶಿವಮೊಗ್ಗದ ಜುಲೈ ಮಳೆಯಲ್ಲಿ ಫ್ರೆಂಚ್ ಪಾಲಿಶ್ ಹಚ್ಚಿದ್ದು ನನ್ನದೇ ತಪ್ಪು. ಗಾಳಿಯ ತೇವ ಹಿಡಿದು ಮೇಲೆ ಮಂಜು ಮುಸುಕಿದ ಹಾಗಾಯಿತು. ಬಿಸಿಲು ಬರುವವರೆಗೆ ಕಾದು ಸ್ಪಿರಿಟ್ ಹಾಕಿ ಒರೆಸಿ, ಮತ್ತೆ ಮೊದಲಿನಿಂದ ಹಚ್ಚಿದೆ.

ಇಷ್ಟೆಲ್ಲ ಹೇಳಿದ ಮೇಲೂ ದಿನಾ ಸಂಜೆ ನನ್ನ ಕೈಗೆ ಬರುವುದು ಲೆಸ್ ಪಾಲ್. ಟೆಲಿಯ ತಂತಿಯ ಉದ್ದ 25.5 ಇಂಚು, ಇದರದು 24.75. ಅದೇ ದಪ್ಪದ ತಂತಿ ಇಲ್ಲಿ ಸಡಿಲವಾಗಿರುತ್ತದೆ, ಎಳೆದರೆ ಬೆರಳಿಗೆ ನೋವಿಲ್ಲ. ಮೋಹನ ರಾಗದ ಗಾಂಧಾರವನ್ನು ತೂಗಿಸಲು ಹೋದಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಇದರ ಹಂಬಕರ್ ಪಿಕಪ್‌ಗಳು ಮೌನವಾಗಿರುತ್ತವೆ. ಟೆಲಿಯ ಸಿಂಗಲ್ ಕಾಯಿಲ್ ನಮ್ಮ ಮನೆಯ ಟ್ಯೂಬ್‌ಲೈಟಿನ ಹತ್ತಿರ ಗುನುಗುತ್ತಲೇ ಇರುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ತಿರುಗುಮುರುಗಾಗಿ ಜೋಡಿಸಿ ಆ ಸದ್ದನ್ನು ಕಳೆಯುವ ಹಂಬಕರ್ ಅನ್ನು ಗಿಬ್ಸನ್‌ನಲ್ಲಿ ಸೇಥ್ ಲವರ್ 1955ರ ಹೊತ್ತಿಗೆ ಮಾಡಿದರು. ಅವರನ್ನು ನಾನು ಎಷ್ಟೋ ಸಂಜೆ ನೆನೆದಿದ್ದೇನೆ. ಟೆಲಿಯ ಚುರುಕು, ಲೋಟಕ್ಕೆ ಚಮಚ ಬಡಿದಂಥ ಆ ನಾದ ಬೇಕು ಅನ್ನಿಸಿದ ದಿನ ಮಾತ್ರ ಟ್ಯೂಬ್‌ಲೈಟ್ ಆರಿಸಿ ಅದನ್ನು ಎತ್ತಿಕೊಳ್ಳುತ್ತೇನೆ.

ಆದರೂ ನನ್ನ ತಂಗಿಯ ಮಗ ತಾನೂ ಒಂದು ಕಟ್ಟಬೇಕು ಅಂದಾಗ ತರಿಸಿದ್ದು ಟೆಲಿ ಕಿಟ್. ಅವನಿಗೆ ಹದಿನಾಲ್ಕು ವರ್ಷ, ತಪ್ಪು ಮಾಡುತ್ತಾನೆ, ಮಾಡಲಿ. ಬಿಚ್ಚಿ ಮತ್ತೆ ಹಾಕಬಹುದು. ದೀಪಾವಳಿ ರಜೆಗೆ ಬರುತ್ತಾನೆ, ಆ ಹೊತ್ತಿಗೆ ಮಳೆಯೂ ನಿಂತಿರುತ್ತದೆ. ಪೆಟ್ಟಿಗೆ ಹಾಗೇ ಇದೆ, ಟೇಪ್ ಕೂಡ ಕತ್ತರಿಸಿಲ್ಲ.