ವೈಶಿ 1000 ಟೈಮ್‌ಗ್ರಾಫರ್: ಲಿಮಿಟೆಡ್ ಎಡಿಷನ್ ವಾಚು ಕೊಳ್ಳುವ ಮುನ್ನ ಕಿವಿಗೊಡಬೇಕಾದ ಯಂತ್ರ

ಲಿಮಿಟೆಡ್ ಎಡಿಷನ್ ವಾಚಿನ ಹಿಂಬದಿಯಲ್ಲಿ ಕೊರೆದಿರುವ ಸಂಖ್ಯೆ ಅದೆಷ್ಟು ಅಪರೂಪದ್ದು ಎಂದು ಹೇಳುತ್ತದೆ. ಒಳಗಿನ ಯಂತ್ರ ಹೇಗಿದೆ ಎಂದು ಹೇಳುವುದಿಲ್ಲ. ಅಪೊಲೊ 11ರ ಐವತ್ತನೇ ವರ್ಷಕ್ಕೆಂದು ಒಮೆಗಾ 2019ರಲ್ಲಿ ಸ್ಟೀಲಿನ ಸ್ಪೀಡ್‌ಮಾಸ್ಟರ್ ಒಂದನ್ನು 6,969 ಮಾತ್ರ ತಯಾರಿಸಿತು. ಅದರೊಳಗಿದ್ದ 3861 ಕ್ಯಾಲಿಬರ್, ಅಂದರೆ ಒಳಗಿನ ಯಂತ್ರ, 2021ರಿಂದ ಮಾಮೂಲಿ ಸ್ಪೀಡ್‌ಮಾಸ್ಟರ್ ಮೂನ್‌ವಾಚಿಗೂ ಬಂತು. ಅಂದರೆ ಅಪರೂಪವೆಲ್ಲ ಡಯಲ್ಲು, ಕೇಸು, ಸಂಖ್ಯೆಯಲ್ಲಿ. ಸವೆತ, ಒಣಗುವಿಕೆ ಮಾತ್ರ ಎಲ್ಲ ವಾಚಿಗೂ ಒಂದೇ. ಅದರಲ್ಲೂ ಇಂಥ ವಾಚುಗಳು ಕೈಯಲ್ಲಿರುವುದಕ್ಕಿಂತ ಪೆಟ್ಟಿಗೆಯಲ್ಲೇ ಹೆಚ್ಚು ವರ್ಷ ಇರುತ್ತವೆ. "ಒಮ್ಮೆಯೂ ಕಟ್ಟಿಲ್ಲ" ಎಂದರೆ ಗೀರಿಲ್ಲ ಎಂದಷ್ಟೇ ಅರ್ಥ. ಕಟ್ಟಿದರೂ ಕಟ್ಟದಿದ್ದರೂ ಎಣ್ಣೆಗೆ ವಯಸ್ಸಾಗುತ್ತದೆ.

ಹಾಗಾಗಿ ಸಂಗ್ರಹಕಾರರು ಚೆಂದದ ವಾಚುಪೆಟ್ಟಿಗೆಗಿಂತ ಮೊದಲು ಕೊಳ್ಳಬೇಕಾದದ್ದು ಟೈಮ್‌ಗ್ರಾಫರ್, ಅಂದರೆ ವಾಚಿನ ಟಿಕ್ ಕೇಳಿ ಅದರ ಓಟವನ್ನು ಅಳೆಯುವ ಸಾಧನ. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ವೈಶಿ 1000. ಇದರಲ್ಲಿ ಒಂದು ಪುಟ್ಟ ಪರದೆ, ವಾಚನ್ನು ಹಿಡಿದಿಟ್ಟುಕೊಳ್ಳುವ ಮೈಕ್ರೋಫೋನ್ ಸ್ಟ್ಯಾಂಡು, ಇವೆರಡೇ ಭಾಗ. ವಾಚಿನ ಬೆನ್ನು ತೆರೆಯುವ ಅಗತ್ಯವೇ ಇಲ್ಲ. ಟಿಕ್ ಶಬ್ದ ಕೇಳಿಸಿಕೊಂಡು ಬೀಟನ್ನು, ಅಂದರೆ ಗಂಟೆಗೆ ಎಷ್ಟು ಟಿಕ್ ಎಂಬುದನ್ನು, ತಾನೇ ಗುರುತಿಸುತ್ತದೆ: 18,000, 21,600, 28,800, 36,000 ಎಲ್ಲವೂ ಸಿಗುತ್ತವೆ. ಗ್ರ್ಯಾಂಡ್ ಸೀಕೋದ ಸ್ಪ್ರಿಂಗ್ ಡ್ರೈವ್ ವಾಚಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ. ಅದರಲ್ಲಿ ಚಕ್ರಗಳನ್ನು ತಡೆದು ತಡೆದು ಬಿಡುತ್ತಾ ಟಿಕ್ ಎನ್ನುವ ಎಸ್ಕೇಪ್‌ಮೆಂಟೇ ಇಲ್ಲ.

ಅಳೆಯುವ ಕ್ರಮ ತಪ್ಪಿದರೆ ಅಂಕಿಗೆ ಬೆಲೆಯಿಲ್ಲ. ವಾಚಿಗೆ ಪೂರ್ತಿ ಕೀ ಕೊಟ್ಟು ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಕೀ ಕೊಟ್ಟ ತಕ್ಷಣದ ಅಂಕಿ ಸ್ವಲ್ಪ ಉಬ್ಬಿರುತ್ತದೆ. ಸ್ಟ್ಯಾಂಡಿನಲ್ಲಿ ಕೂರಿಸುವಾಗ ಕ್ರೌನ್ (ಕೀ ಕೊಡುವ ಗುಂಡಿ) ಲೋಹದ ಬದಿಗೆ ಒತ್ತಿಕೊಂಡಿರಲಿ, ಶಬ್ದ ಆ ದಾರಿಯಲ್ಲೇ ಚೆನ್ನಾಗಿ ಹರಿಯುತ್ತದೆ. ಫ್ಯಾನಿನ ಸದ್ದು, ಮೇಜಿನ ಅದುರು ಎರಡೂ ಪರದೆಯ ಮೇಲೆ ಟಿಕ್‌ಗಳ ಚುಕ್ಕೆಯಿಂದ ಮೂಡುವ ಗೆರೆಯನ್ನು ಕೆಡಿಸುತ್ತವೆ. ಡಯಲ್ ಮೇಲೆ, ಡಯಲ್ ಕೆಳಗೆ, ಕ್ರೌನ್ ಮೇಲೆ, ಕ್ರೌನ್ ಕೆಳಗೆ, ಕ್ರೌನ್ ಎಡಕ್ಕೆ, ಹೀಗೆ ಕನಿಷ್ಠ ಐದು ಭಂಗಿ ನೋಡಿ. ಭಂಗಿ ಬದಲಿಸಿದಾಗಲೆಲ್ಲ ಅರ್ಧ ನಿಮಿಷ ಸುಮ್ಮನಿದ್ದು, ಅಂಕಿ ನೆಲೆಗೊಂಡ ಮೇಲೆ ಬರೆದುಕೊಳ್ಳಿ. 24 ಗಂಟೆ ಕಳೆದ ಮೇಲೆ, ಮತ್ತೆ ಕೀ ಕೊಡದೆ, ಇದೆಲ್ಲ ಇನ್ನೊಮ್ಮೆ ಆಗಬೇಕು. ಈ ಎರಡನೇ ಸುತ್ತನ್ನು ಬಿಟ್ಟುಬಿಡುವವರೇ ಹೆಚ್ಚು. ವಾಚಿನ ನಿಜಬಣ್ಣ ಬಯಲಾಗುವುದು ಮಾತ್ರ ಅಲ್ಲೇ.

ಅಂಕಿಗಳಲ್ಲಿ ಎಲ್ಲರ ಕಣ್ಣು ಹೋಗುವುದು ದಿನಕ್ಕೆ ಎಷ್ಟು ಸೆಕೆಂಡು ಮುಂದೆ, ಎಷ್ಟು ಹಿಂದೆ ಎಂಬುದಕ್ಕೆ. ಅದನ್ನು ಸರ್ವಿಸ್ ಮಾಡುವವರು ಐದು ನಿಮಿಷದಲ್ಲಿ ತಿದ್ದಬಲ್ಲರು. ಮುಖ್ಯವಾದದ್ದು ಆಂಪ್ಲಿಟ್ಯೂಡ್, ಅಂದರೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ನಡುವಿನಿಂದ ಒಂದು ಬದಿಗೆ ಎಷ್ಟು ಡಿಗ್ರಿ ತಿರುಗುತ್ತದೆ ಎಂಬ ಲೆಕ್ಕ. ಆರೋಗ್ಯವಂತ ಸ್ವಿಸ್ ಯಂತ್ರದಲ್ಲಿ ಪೂರ್ತಿ ಕೀ ಇದ್ದು ಮಲಗಿಸಿದಾಗ 270ರಿಂದ 310 ಡಿಗ್ರಿ ಇರುತ್ತದೆ. ವಾಚನ್ನು ನೆಟ್ಟಗೆ ನಿಲ್ಲಿಸಿದಾಗ ಪಿವಟ್ಟುಗಳ (ಚಕ್ರದ ಅಚ್ಚಿನ ತುದಿಗಳ) ಘರ್ಷಣೆ ಹೆಚ್ಚುವುದರಿಂದ 20–40 ಡಿಗ್ರಿ ಇಳಿಯುವುದು ಸಹಜ. 24 ಗಂಟೆಯ ನಂತರವೂ 200ಕ್ಕಿಂತ ಮೇಲಿರಬೇಕು. ಪೂರ್ತಿ ಕೀ ಕೊಟ್ಟಾಗಲೇ 220 ತೋರಿಸಿದರೆ ಎಣ್ಣೆ ಒಣಗಿದೆ, ಇಲ್ಲವೇ ವಾಚಿಗೆ ಶಕ್ತಿ ಕೊಡುವ ಮೇನ್‌ಸ್ಪ್ರಿಂಗ್ ಸೋತಿದೆ ಎಂದು ತಿಳಿದು, ಸರ್ವಿಸಿನ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಇರುವ ವಾಚು) ಆದರೆ ಆ ಸ್ಟಾಪ್‌ವಾಚನ್ನು ಓಡಿಸಿಯೂ ಒಮ್ಮೆ ಅಳೆಯಿರಿ. ಸ್ವಲ್ಪ ಇಳಿದರೆ ಚಿಂತೆಯಿಲ್ಲ. 50 ಡಿಗ್ರಿಗಿಂತ ಹೆಚ್ಚು ಕುಸಿದರೆ ಸ್ಟಾಪ್‌ವಾಚನ್ನು ಜೋಡಿಸುವ ಕ್ಲಚ್ಚಿನ ಹೊಂದಾಣಿಕೆ ಅಥವಾ ಸ್ವಚ್ಛತೆಯಲ್ಲಿ ತೊಂದರೆಯಿದೆ.

ಆದರೆ ಈ ಆಂಪ್ಲಿಟ್ಯೂಡನ್ನು ಟೈಮ್‌ಗ್ರಾಫರ್ ನೇರವಾಗಿ ನೋಡುವುದಿಲ್ಲ. ಟಿಕ್ಕಿನೊಳಗಿನ ಸದ್ದುಗಳ ನಡುವಿನ ಅಂತರವನ್ನು ಲಿಫ್ಟ್ ಆಂಗಲ್ (ಪ್ರತಿ ಟಿಕ್ಕಿಗೆ ಬ್ಯಾಲೆನ್ಸ್ ಚಕ್ರ ಎಸ್ಕೇಪ್‌ಮೆಂಟಿಗೆ ತಾಗಿಕೊಂಡೇ ತಿರುಗುವ ಕೋನ) ಎಂಬ ಅಂಕಿಯ ಜೊತೆ ಸೇರಿಸಿ ಲೆಕ್ಕ ಹಾಕುತ್ತದೆ. ಆ ಅಂಕಿ ಕೊಡಬೇಕಾದವರು ನಾವು. ವೈಶಿ ಆನ್ ಆದಾಗ ಅದು 52 ಎಂದೇ ಇರುತ್ತದೆ. ಆದರೆ ಅದು ಕ್ಯಾಲಿಬರಿನಿಂದ ಕ್ಯಾಲಿಬರಿಗೆ ಬೇರೆ: ಇಟಿಎ 2824ಕ್ಕೆ 50, ವಾಲ್‌ಜೂ 7750ಕ್ಕೆ 49, ಇಟಿಎ 6497ಕ್ಕೆ 44. 6497 ಇರುವ ವಾಚನ್ನು 52ರಲ್ಲೇ ಅಳೆದರೆ ನಿಜವಾಗಿ 270 ಇರುವುದು ಸುಮಾರು 320 ಎಂದು ಕಾಣುತ್ತದೆ. ಬಳಲಿದ 230ರ ಯಂತ್ರವೂ 270 ತೋರಿಸಿ ಭೇಷ್ ಎನ್ನಿಸಿಕೊಳ್ಳುತ್ತದೆ! ಒಮೆಗಾದ ಕೋ-ಆಕ್ಸಿಯಲ್ (ಬೇರೆ ಬಗೆಯ ಎಸ್ಕೇಪ್‌ಮೆಂಟಿನ) ಕ್ಯಾಲಿಬರುಗಳಾದ 2500, 8500ಗಳಿಗೆ ಬೇಕಾದದ್ದು 38. ಅದರ ಸದ್ದೂ ಬೇರೆ, ಹಾಗಾಗಿ 38 ಇಟ್ಟ ಮೇಲೂ ಈ ದರ್ಜೆಯ ಟೈಮ್‌ಗ್ರಾಫರಿನಲ್ಲಿ ಬರುವ ಆಂಪ್ಲಿಟ್ಯೂಡನ್ನು ಅಂದಾಜು ಎಂದಷ್ಟೇ ಇಟ್ಟುಕೊಳ್ಳಬೇಕು. ಮಾರುವವರು ಕಳಿಸುವ ಟೈಮ್‌ಗ್ರಾಫರ್ ಫೋಟೋಗಳಲ್ಲಿ ಮೊದಲು ಕೇಳಬೇಕಾದದ್ದೂ ಇದನ್ನೇ: ಲಿಫ್ಟ್ ಆಂಗಲ್ ಎಷ್ಟಿಟ್ಟಿದ್ದಿರಿ, ವಾಚು ಯಾವ ಭಂಗಿಯಲ್ಲಿತ್ತು, ಕೀ ಕೊಟ್ಟು ಎಷ್ಟು ಹೊತ್ತಾಗಿತ್ತು? ಉತ್ತರ ಬರದಿದ್ದರೆ ಆ ಫೋಟೋ ಅಲಂಕಾರಕ್ಕೆ ಸರಿ.

ಗೆರೆಗಳನ್ನು ಓದುವುದು ಕಲಿತರೆ ಅಂಕಿಗಿಂತ ಹೆಚ್ಚು ಸಿಗುತ್ತದೆ. ಒಂದೇ ನೇರ ಗೆರೆ ಬಂದರೆ ಒಳ್ಳೆಯದು. ಎರಡು ಗೆರೆ ಸಮಾನಾಂತರವಾಗಿ ಓಡಿದರೆ ಅದು ಬೀಟ್ ಎರರ್, ಅಂದರೆ ಟಿಕ್ ಮತ್ತು ಟಾಕ್‌ಗಳ ನಡುವಿನ ಹೊತ್ತು ಸಮವಿಲ್ಲದಿರುವುದು; 0.5 ಮಿಲಿಸೆಕೆಂಡಿನ ಒಳಗಿದ್ದರೆ ನೆಮ್ಮದಿ, 1 ದಾಟಿದರೆ ಸರಿ ಮಾಡಿಸಬೇಕು. ಗೆರೆ ಒಂದೇ ಲಯದಲ್ಲಿ ಅಲೆಯಂತೆ ಏರಿಳಿದರೆ ಯಾವುದೋ ಹಲ್ಲುಚಕ್ರದಲ್ಲಿ ದೋಷವಿದೆ. ಚುಕ್ಕೆಗಳು ಹಿಟ್ಟು ಚೆಲ್ಲಿದ ಹಾಗೆ ಹರಡಿದರೆ ಕೊಳೆ ಅಥವಾ ತೀರಾ ಕಡಿಮೆ ಆಂಪ್ಲಿಟ್ಯೂಡ್. ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತಿದ್ದರೆ ಗಾಬರಿಯಾಗಬೇಡಿ: ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ತೆಳು ಸುರುಳಿ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತ ಹತ್ತಿ ಸುರುಳಿಗಳು ಅಂಟಿಕೊಂಡಿರಬಹುದು. ಡಿಮ್ಯಾಗ್ನೆಟೈಸರಿನಲ್ಲಿ ಒಮ್ಮೆ ಆ ಅಯಸ್ಕಾಂತತೆ ತೆಗೆದು ಮತ್ತೆ ಅಳೆಯಿರಿ, ಹೆಚ್ಚಿನ ಸಲ ಅಲ್ಲಿಗೇ ಮುಗಿಯುತ್ತದೆ. ಹಾಗೆಯೇ ವರ್ಷಗಟ್ಟಲೆ ನಿಂತಿದ್ದ ವಾಚಿಗೆ ಮೊದಲ ಅಳತೆಯಲ್ಲೇ ತೀರ್ಪು ಕೊಡಬಾರದು. ಒಂದು ದಿನ ಓಡಿದ ಮೇಲೆ ಅಂಕಿ ಸುಧಾರಿಸುವುದುಂಟು. ಸುಧಾರಿಸದಿದ್ದರೆ ಓಡಿಸುತ್ತಾ ಇರಬೇಡಿ. ಎಣ್ಣೆಯಿಲ್ಲದ ಪಿವಟ್ಟು ಸವೆಯುತ್ತದೆ, ಸಣ್ಣ ಸಂಖ್ಯೆಯಲ್ಲಿ ಬಂದ ಕ್ಯಾಲಿಬರಿಗೆ ಬದಲಿ ಭಾಗ ಸಿಗುವುದು ಕಷ್ಟ.

ಕೊರತೆಗಳೂ ಇವೆ. ಪರದೆ ಚಿಕ್ಕದು, ಅಳತೆಗಳನ್ನು ಉಳಿಸಿಡುವ ವ್ಯವಸ್ಥೆಯಿಲ್ಲ, ಪುಸ್ತಕ ಪೆನ್ನು ಪಕ್ಕದಲ್ಲಿರಬೇಕು. ಬಣ್ಣದ ದೊಡ್ಡ ಪರದೆ ಬೇಕೆಂದರೆ ವೈಶಿ 1900 ಇದೆ. ಐದಾರು ವಾಚು ಇರುವವರಿಗೆ 1000 ಧಾರಾಳವಾಗಿ ಸಾಕು. ಆದರೆ ಯಾವ ಟೈಮ್‌ಗ್ರಾಫರಾದರೂ ಡಯಲ್ಲಿಗೆ ಮತ್ತೆ ಬಣ್ಣ ಬಳಿದಿದ್ದಾರೆಯೇ, ಕೇಸಿನ ಅಂಚು ಪಾಲಿಷಿನಲ್ಲಿ ಸವೆದಿದೆಯೇ, ಸಂಖ್ಯೆ ಇರುವ ಹಿಂಬದಿ ಅದೇ ವಾಚಿನದೇ ಎಂದು ಹೇಳುವುದಿಲ್ಲ. ನೀರು ತಡೆಯುವ ಗ್ಯಾಸ್ಕೆಟ್ಟಿನ ಸ್ಥಿತಿಯೂ ತಿಳಿಯದು, ಅದಕ್ಕೆ ಪ್ರೆಶರ್ ಟೆಸ್ಟೇ ಆಗಬೇಕು. ಅಂಥ ಪರೀಕ್ಷೆಗೆ ಕೊಡುವ ಮುಂಚೆ ಮತ್ತು ವಾಪಸು ಬಂದ ಮೇಲೆ ಐದೂ ಭಂಗಿಯ ಅಂಕಿಗಳನ್ನು ತಾರೀಖು ಸಮೇತ ಬರೆದು, ವಾರಂಟಿ ಕಾರ್ಡಿನ ಜೊತೆಗೇ ಇಡಿ. ಮುಂದೆ ವಾಚು ಮಾರುವಾಗ ಕೊಳ್ಳುವವರು ಮೊದಲು ಓದುವುದು ಅದನ್ನೇ.