ಮುರುಗಲ ತುಪ್ಪ: ಹಿಮ್ಮಡಿಗೆ ಪೂರ್ಣಾಂಕ, ತಲೆಗೆ ಸೊನ್ನೆ

ಶಿರಸಿ ಪೇಟೆಯ ಗ್ರಂಥಿಗೆ ಅಂಗಡಿಗಳಲ್ಲಿ, ಗೃಹೋದ್ಯಮದ ಮಳಿಗೆಗಳಲ್ಲಿ ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿಗಳ ಪಕ್ಕ ಮಾಸಲು ಬಣ್ಣದ ಗಟ್ಟಿ ಉಂಡೆಯೊಂದು ಕೂತಿರುತ್ತದೆ. ಅದೇ ಒಡೆದ ಹಿಮ್ಮಡಿಗೆ, ತುಟಿಗೆ ಹಚ್ಚುವ ಮುರುಗಲ ತುಪ್ಪ. ಮುರುಗಲ (ಕೋಕಂ) ಹಣ್ಣಿನ ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋದಮೇಲೆ ಉಳಿಯುವ ಬೀಜದ ಕೊಬ್ಬು ಇದು. ಕಾರವಾರದ ಕಡೆ ಕೊಂಕಣಿಯಲ್ಲಿ ಹಣ್ಣಿಗೆ ಭಿರಂಡ ಎನ್ನುತ್ತಾರೆ. ಉಪ್ಪಾಗೆ ತುಪ್ಪ ಬೇರೆ. ಅದು ಅಡುಗೆಗೂ ಬಳಸುವಂಥದ್ದು, ಹತ್ತಿರದ ಸಂಬಂಧಿಯಾದ ಇನ್ನೊಂದು ಮರದ್ದು. ಕೊಳ್ಳುವಾಗ ಯಾವುದೆಂದು ಕೇಳಿಯೇ ತೆಗೆದುಕೊಳ್ಳಿ.

ಮನೆಗಳಲ್ಲಿ ತೆಗೆಯುವ ಕ್ರಮ ಸರಳ: ಬೀಜ ಒಣಗಿಸಿ, ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಕೊಬ್ಬನ್ನು ಸೌಟಿನಲ್ಲಿ ತೆಗೆದು ಆರಿಸುವುದು. ಉಂಡೆ ಕೆಡುವುದಕ್ಕೆ ಹೆಚ್ಚಾಗಿ ಈ ಕುದಿಸಿದ ನೀರೇ ಕಾರಣ. ಪೂರ್ತಿ ಆರದ ಉಂಡೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಆಮೇಲೆ ಕಮಟುತ್ತದೆ. ಪರೀಕ್ಷೆ ಸುಲಭ. ಒಂದು ಚೂರನ್ನು ಚಮಚದಲ್ಲಿಟ್ಟು ಬಿಸಿ ಮಾಡಿ; ಚಟಪಟ ಸಿಡಿದರೆ ನೀರು ಉಳಿದಿದೆ ಎಂದರ್ಥ. ಇಂಥದ್ದನ್ನು ಎಸೆಯಬೇಕಿಲ್ಲ, ಸಣ್ಣ ಉರಿಯಲ್ಲಿ ಸದ್ದು ನಿಲ್ಲುವವರೆಗೆ ಕಾಸಿ ಬಟ್ಟೆಯಲ್ಲಿ ಸೋಸಿದರೆ ಆಯಿತು. ಕಮಟು ವಾಸನೆ ಬಂದಿದ್ದರೆ ಮಾತ್ರ ಯಾವ ಉಪಾಯವೂ ಇಲ್ಲ. ಬೆಳ್ಳಗೆ, ವಾಸನೆಯಿಲ್ಲದೆ ಡಬ್ಬಿಯಲ್ಲಿ ಬರುವುದು ಶುದ್ಧೀಕರಿಸಿದ ಮಾಲು. ಹಿಮ್ಮಡಿಗೆ ಎರಡೂ ಒಂದೇ. ತುಟಿಗಾದರೆ ಬಿಳಿಯದು ಹಿತ, ಹೊಗೆವಾಸನೆ ಮೂಗಿನಡಿ ಕೂರುವುದಿಲ್ಲ.

ಈ ತುಪ್ಪಕ್ಕೆ ಪೂರ್ಣಾಂಕ ಯಾಕೆಂದರೆ, ಇದು ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕೊಬ್ಬರಿ ಎಣ್ಣೆ 24–25 ಡಿಗ್ರಿಗೇ ನೀರಾಗಿ ಹಾಸಿಗೆಗೋ ಚಪ್ಪಲಿಗೋ ಸೇರುತ್ತದೆ. ಮುರುಗಲ ತುಪ್ಪ ಚರ್ಮದ ಮೇಲೆ ಗಟ್ಟಿ ಪದರವಾಗಿ ನಿಂತು ಒಳಗಿನ ತೇವ ಆರದಂತೆ ಕಾಯುತ್ತದೆ. ಕೊಳ್ಳುವಾಗಲೂ ಇದೇ ಗುರುತು: ಉಂಡೆ ಒಡೆದರೆ ಚೂರಾಗಬೇಕು, ಮುಟ್ಟಿದ ಕೂಡಲೇ ಬೆರಳಲ್ಲಿ ಜಾರತೊಡಗಿದರೆ ಬೇರೆ ಕೊಬ್ಬು ಬೆರೆತಿದೆಯೇ ಎಂದು ಅನುಮಾನಿಸಬೇಕು. ಆದರೆ ಹಾಗೆಯೇ ಹಚ್ಚಲು ಹೋದರೆ ಮೇಣದ ತುಂಡನ್ನು ಉಜ್ಜಿದಂತಾಗುತ್ತದೆ. ಮುಲಾಮು ಮಾಡಿಕೊಳ್ಳುವುದೇ ಸರಿ.

ಘಟ್ಟದ ಮೇಲೆ, ಶಿರಸಿ-ಯಲ್ಲಾಪುರದ ಚಳಿಗೆ, 50 ಗ್ರಾಂ ತುಪ್ಪಕ್ಕೆ 100 ಗ್ರಾಂ ಕೊಬ್ಬರಿ ಎಣ್ಣೆ ಸಾಕು. ಕಾರವಾರ, ಅಂಕೋಲಾ, ಕುಮಟೆಯ ಸೆಕೆಗೆ ಎರಡೂ ಸಮ ತೂಕ ಇರಲಿ, ಇಲ್ಲವಾದರೆ ಏಪ್ರಿಲ್‌ನಲ್ಲಿ ಭರಣಿಯೊಳಗೆ ಸಾರು ಸಿಗುತ್ತದೆ! ನೇರ ಉರಿಗೆ ಇಡಬೇಡಿ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಒಣ ಪಾತ್ರೆಯಿಟ್ಟು ಮೊದಲು ತುಪ್ಪವನ್ನು ಪೂರ್ತಿ ಕರಗಿಸಿ, ಆಮೇಲೆ ಎಣ್ಣೆ ಹಾಕಿ. ಹೆಚ್ಚಿನವರು ಎಡವುವುದು ತಣಿಸುವಾಗ. ತನ್ನಷ್ಟಕ್ಕೆ ನಿಧಾನವಾಗಿ ಆರಿದರೆ ಗಟ್ಟಿ ಕೊಬ್ಬು ಮೊದಲೇ ಹೆಪ್ಪುಗಟ್ಟಿ ರವೆಯಂತೆ ಹರಳಾಗುತ್ತದೆ. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ಒಳಗೆ ನೀರು ಸಿಡಿಯದಂತೆ ಮೊಸರಿನ ಹದ ಬರುವವರೆಗೆ ತಿರುವುತ್ತಿದ್ದರೆ ನುಣುಪಾಗಿ ಬರುತ್ತದೆ. ಹರಳಾದದ್ದನ್ನು ಮತ್ತೆ ಕರಗಿಸಿ ಹೀಗೆ ಮಾಡಬಹುದು.

ರಾತ್ರಿ 10 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಒರೆಸಿ, ತುಸು ಪಸೆಯಿರುವಾಗಲೇ ಕಡಲೆಕಾಳಿನಷ್ಟು ತಿಕ್ಕಿ ಕಾಲುಚೀಲ ಹಾಕಿಕೊಳ್ಳಿ. ಒಣ ಕಾಲಿಗೆ ಹಚ್ಚಿದರೆ ಫಲ ಅರ್ಧ. ರಕ್ತ ಒಸರುವ ಬಿರುಕಿಗೆ, ಸಕ್ಕರೆ ಕಾಯಿಲೆಯವರ ಹಿಮ್ಮಡಿಗೆ ಇದು ಮದ್ದಲ್ಲ, ವೈದ್ಯರಿಗೆ ತೋರಿಸಬೇಕು.

ತಲೆಗೆ ಯಾಕೆ ಸೊನ್ನೆ? ಕೂದಲ ಮೇಲೆ ಮೇಣದಂತೆ ಅಂಟುತ್ತದೆ, ಎರಡು ಸಲ ಸೀಗೆಪುಡಿ ಹಾಕಿದರೂ ಬಿಡುವುದಿಲ್ಲ. ತಲೆಗೆ ಗಾಣದ ಕೊಬ್ಬರಿ ಎಣ್ಣೆಯೇ ಮೇಲು. ಅದರಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲ ಕೂದಲೆಳೆಯೊಳಗೆ ಇಳಿಯಬಲ್ಲದು. ತೊಳೆಯುವಾಗ ಕೂದಲಿನ ಪ್ರೋಟೀನ್ ಸೋರುವುದು ಇದರಿಂದ ಕಡಿಮೆಯಾಗುತ್ತದೆ, ಸೂರ್ಯಕಾಂತಿ ಎಣ್ಣೆಯಿಂದ ಹಾಗಾಗುವುದಿಲ್ಲ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಎರಡು ಚಮಚ ಸಾಕು. ತಲೆಹೊಟ್ಟು ಇದ್ದರೆ ಮಾತ್ರ ಬುಡಕ್ಕೆ ಎಣ್ಣೆ ಬೇಡ, ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಮೊಡವೆ ಮುಖಕ್ಕೂ ಕೊಬ್ಬರಿ ಎಣ್ಣೆ ಆಗದು.

ಗಾಣದಲ್ಲಿ ಕೊಳ್ಳುವಾಗ ಕೊಬ್ಬರಿಯನ್ನೂ ನೋಡಿ. ಒಳಮೈಯಲ್ಲಿ ಹಸಿರು-ಕಪ್ಪು ಬೂಸ್ಟು ಕಂಡರೆ ಎಣ್ಣೆ ಬೇಗ ಕಮಟುತ್ತದೆ. ಜುಲೈ-ಆಗಸ್ಟಿನಲ್ಲಿ ಅಟ್ಟದ ಹೊಗೆಯಲ್ಲಿ ಒಣಗಿದ ಕೊಬ್ಬರಿಯ ಎಣ್ಣೆಗೆ ಹೊಗೆ ಕಂಪು ಇರುತ್ತದೆ. ಫೆಬ್ರುವರಿ-ಮಾರ್ಚಿನ ಬಿಸಿಲ ಕೊಬ್ಬರಿಯದನ್ನೇ ವರ್ಷಕ್ಕಾಗುವಷ್ಟು ತುಂಬಿಸಿಕೊಳ್ಳುವುದು ಜಾಣತನ. ದಾಸವಾಳ, ಒಂದೆಲಗ ಹಾಕಿ ಕಾಸಿದ ಹಸಿರು ತಲೆಎಣ್ಣೆಯೂ ಅದೇ ಮಳಿಗೆಗಳಲ್ಲಿ ಸಿಗುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ನೀರಿನ ಹನಿ ಉರುಳಾಡುತ್ತಿದ್ದರೆ ವಾಪಸು ಇಟ್ಟುಬಿಡಿ.